ಶೆಟ್ಟಿ ಅಂಕಲ್ ಜಾಕೆಟ್ಟು ತೊಟ್ಟ ಭಾನುವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವಿಡಿಯೋದಲ್ಲಿ ಸೊಂಟದ ಬೆಲ್ಟು ಕಿತ್ತೆಸೆದು, ಹಗ್ಗ ಹಿಡಿದು, ಎದುರಿನ ಎಂಟು ಜನರನ್ನು ಹುಲ್ಲಿನ ಮೇಲೆ ದರದರ ಎಳೆಯುತ್ತಿರುವ ಮನುಷ್ಯ ಜಯಕರ ಶೆಟ್ಟರಲ್ಲ, ನಾನು. ಬೆನ್ನು ಕೆಟ್ಟ ಮನುಷ್ಯನೊಬ್ಬನ ಕೇಸು ನಡೆಸುವ ಆಫೀಸಿನಲ್ಲಿ ಸಂಬಳ ತಿನ್ನುತ್ತ, ಅದೇ ಕೇಸನ್ನು ಮುಳುಗಿಸಲು ಎದುರು ಪಕ್ಷಕ್ಕೆ ಬೇಕಾಗಿದ್ದ ಸಾಕ್ಷ್ಯವನ್ನು ಬಿಟ್ಟಿಯಾಗಿ ನಟಿಸಿ, ಜೊತೆಗೆ ಒಂದು ತಟ್ಟೆ ಪುಳಿಯೋಗರೆಯನ್ನೂ ಕೊಟ್ಟು ಬಂದವನು ಕ್ಯಾಲಿಫೋರ್ನಿಯಾದಲ್ಲಿ ನಾನೊಬ್ಬನೇ ಇರಬೇಕು.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದು ಲಿಫ್ಟು. ಹೋದ ತಿಂಗಳು ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನ ನಮ್ಮ ಹಳೆಯ ಆಫೀಸಿನ ಕಟ್ಟಡಕ್ಕೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೋಗಿದ್ದೆ. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಯಾರೂ ಇರಲಿಲ್ಲ. ನಾನು ತಕ್ಷಣ ಮಾಡಿದ ಕೆಲಸವೆಂದರೆ, ಆ ವಾಸನೆ ಬಿಟ್ಟುಹೋದವನಿಗೆ ನಿಜವಾಗಿ ನೋವಿತ್ತೋ ಇಲ್ಲವೋ ಎಂದು ಅನುಮಾನಪಟ್ಟದ್ದು. ಮೂರು ವರ್ಷವಾದರೂ ಆ ಆಫೀಸು ಹಚ್ಚಿದ ಚಟ ಬಿಟ್ಟಿಲ್ಲ.

ತೊಂಬತ್ತಾರರ ವಸಂತದಲ್ಲಿ ನನಗೆ ಇಪ್ಪತ್ತಮೂರು. ಗ್ರೀನ್ ಕಾರ್ಡು ಬಂದಿತ್ತು, ಕೆಲಸ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಅರ್ಧಕ್ಕೆ ಬಿಟ್ಟ ಎಲ್ಎಲ್‌ಬಿ ಮತ್ತು ಯಾರ ದನಿಯನ್ನಾದರೂ ಎರಡು ನಿಮಿಷದಲ್ಲಿ ಕದಿಯುವ ನಾಲಿಗೆ, ಇವೆರಡೇ ನನ್ನ ಆಸ್ತಿ. ಮೊದಲನೆಯದನ್ನು ನೋಡಿ ಐತಾಳರು ನನ್ನನ್ನು ಗುಮಾಸ್ತನಾಗಿ ಇಟ್ಟುಕೊಂಡರು. ಎರಡನೆಯದು ಅವರಿಗೆ ಆಮೇಲೆ ಗೊತ್ತಾಯಿತು.

ಶ್ರೀಪತಿ ಐತಾಳರು ಉಡುಪಿ ಕಡೆಯವರು. ಮೊದಲು ಟೊರೆನ್ಸ್‌ನಲ್ಲೇ ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ಇಂಜಿನಿಯರಾಗಿದ್ದರು. ವಿಮಾನ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲಕ್ಕೆ ಅವರ ಮೇಜೂ ಖಾಲಿಯಾಯಿತು. ಅಷ್ಟರೊಳಗೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ಮುಗಿಸಿದ್ದರಿಂದ ಅಪಘಾತದಲ್ಲಿ ಗಾಯಗೊಂಡವರ ವಕೀಲರಾದರು. ನಮ್ಮವರಲ್ಲಿ ಈ ವೃತ್ತಿಗೆ ಮರ್ಯಾದೆ ಕಮ್ಮಿ. ಡಾಕ್ಟರು, ಇಂಜಿನಿಯರು ಎಂದರೆ ಕುರ್ಚಿ ಎಳೆದು ಕೊಡುತ್ತಿದ್ದವರು, ಐತಾಳರು ಬಂದರೆ ಸೈರನ್ನಿನ ಸದ್ದು ಮಾಡಿ ನಗುತ್ತಿದ್ದರು. ಆಂಬುಲೆನ್ಸಿನ ಹಿಂದೆ ಓಡುವವರು ಎಂದು. ಹಾಗಾಗಿ ಅವರು ಪಿಕ್‌ನಿಕ್ಕು, ಪೂಜೆ ಯಾವುದಕ್ಕೂ ಹೋಗುತ್ತಿರಲಿಲ್ಲ.

ಆ ವರ್ಷ ಅವರ ತಲೆಯ ಮೇಲೆ ಇನ್ನೊಂದು ಕತ್ತಿ ತೂಗುತ್ತಿತ್ತು. 'ನೋ-ಫಾಲ್ಟ್' ಎಂಬ ಹೊಸ ಪದ್ಧತಿ ಮಾರ್ಚಿನಲ್ಲಿ ಜನರ ಓಟಿಗೆ ಬರುವುದಿತ್ತು. ಅದು ಬಂದರೆ, ರಸ್ತೆಯಲ್ಲಿ ಯಾರು ಯಾರಿಗೆ ಗುದ್ದಿದರೂ ತಪ್ಪು ಯಾರದೆಂದು ಕೇಳುವ ಹಾಗಿಲ್ಲ, ಅವರವರ ಖರ್ಚು ಅವರವರ ಇನ್ಶೂರೆನ್ಸು ಕೊಡಬೇಕು. ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲದ ಮೇಲೆ ಐತಾಳರಿಗೆ ಎಲ್ಲಿಯ ಕೆಲಸ?

"ಇವರೇ ಹಾಳು ಮಾಡಿದ್ದು ಮಾರಾಯ," ಎನ್ನುತ್ತಿದ್ದರು, ಕಿಟಕಿಯ ಪಟ್ಟಿಗಳ ಸಂದಿನಿಂದ ಪಾರ್ಕಿಂಗ್ ಜಾಗವನ್ನು ನೋಡುತ್ತ. "ಒಬ್ಬ ಸುಳ್ಳು ಹೇಳಿದ್ರೆ ಹತ್ತು ಜನ ನಿಜವಾದವರ ಕೇಸು ಸಾಯ್ತದೆ."

ಸುಳ್ಳುಗಳಿಗೆ ಬರವಿರಲಿಲ್ಲ. ಆಗಿನ ಲಾಸ್ ಏಂಜಲೀಸ್‌ನಲ್ಲಿ ಹಳೆಯ ಕಾರಿನಲ್ಲಿ ಐದು ಜನರನ್ನು ತುಂಬಿಸಿ, ಲಾರಿಯ ಮುಂದೆ ಗಕ್ಕನೆ ಬ್ರೇಕು ಹಾಕಿ, ಗುದ್ದಿಸಿಕೊಂಡು, ಐದೂ ಕತ್ತುಗಳಿಗೆ ಪಟ್ಟಿ ಕಟ್ಟಿಸಿಕೊಂಡು ಬರುವ ತಂಡಗಳೇ ಇದ್ದವು. ಅಂಥವರನ್ನು ವಕೀಲರ ಬಳಿ ಹಿಡಿದು ತಂದು ಕಮಿಷನ್ ಕೇಳುವ ದಲ್ಲಾಳಿಗಳಿದ್ದರು. ಐತಾಳರು ಅವರನ್ನು ಬಾಗಿಲಲ್ಲೇ ಓಡಿಸುತ್ತಿದ್ದರು. ಉಳಿದವರಿಗೆ ಎರಡು ಪರೀಕ್ಷೆ. ಒಂದು, ಕಿಟಕಿಯಿಂದ ನೋಡುವುದು: ಕಾರಿನಿಂದ ಇಳಿದವನು ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಹೇಗೆ ನಡೆಯುತ್ತಾನೆ? ಎರಡು, ಮಾತಿನ ಮಧ್ಯೆ ಪೆನ್ನು ಬೀಳಿಸುವುದು. ಬೆನ್ನು ನೋವೆಂದು ಬಂದವನು ಲಟಕ್ಕನೆ ಬಗ್ಗಿ ಎತ್ತಿಕೊಟ್ಟರೆ ಐತಾಳರು "ಥ್ಯಾಂಕ್ಯೂ" ಎಂದು ಹೇಳಿ ಅದೇ ಪೆನ್ನಿನಿಂದ ಅವನ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದರು.

ಕಕ್ಷಿದಾರರು ಹೋದ ಮೇಲೆ ನನ್ನ ಆಟ ಶುರು. ಕತ್ತು ತಿರುಗದವನು, ಕತ್ತು ತಿರುಗದವನಂತೆ ನಟಿಸುವವನು, ಯಾವ ಕಾಲು ಕುಂಟಬೇಕೆಂಬುದನ್ನೇ ಮರೆತವನು, ಎಲ್ಲರನ್ನೂ ಆಡಿ ತೋರಿಸುತ್ತಿದ್ದೆ. ಐತಾಳರು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದರು. ಕೊನೆಗೊಮ್ಮೆ ಅವರ ಪೆನ್ನು ಬೀಳಿಸುವ ಭಂಗಿಯನ್ನೇ ಆಡಿದೆ. ಆಗ ಮಾತ್ರ ನಗಲಿಲ್ಲ. "ಕೆಲಸ ಮಾಡು ಸತೀಶ," ಎಂದರು.

ಜಯಕರ ಶೆಟ್ಟರು ಹೆಂಡತಿ ಸುಮತಿಯವರ ಜೊತೆ ಬಂದದ್ದು ಈ ಕಿಟಕಿ ಮತ್ತು ಪೆನ್ನಿನ ರಾಜ್ಯಕ್ಕೆ. ಮಂಗಳೂರಿನವರು, ವಯಸ್ಸು ಐವತ್ತು ದಾಟಿತ್ತು, ಗಿಡ್ಡಗೆ ನನ್ನಷ್ಟೇ ಎತ್ತರ, ದಪ್ಪ ಮೀಸೆ, ದಪ್ಪ ಕನ್ನಡಕ. ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ರ್‍ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ, ಅಲ್ಲೇ ಹತ್ತಿರ ಒಂದು ಗಂಟೆಯಲ್ಲಿ ಫೋಟೊ ತೊಳೆದು ಕೊಡುವ ಅಂಗಡಿ. ಸಂಜೆ ಅಂಗಡಿ ಮುಚ್ಚಿ ಬರುವಾಗ ಹೆದ್ದಾರಿಯಲ್ಲಿ ಸಾಮಾನು ಸಾಗಿಸುವ ಲಾರಿಯೊಂದು ಹಿಂದಿನಿಂದ ಗುದ್ದಿತ್ತು. ಬೆನ್ನುಮೂಳೆಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ಲಾರಿಯ ಇನ್ಶೂರೆನ್ಸ್ ಕಂಪನಿ ಮಾತ್ರ, ಇಷ್ಟು ಸಣ್ಣ ಗುದ್ದಿಗೆ ಇಷ್ಟು ದೊಡ್ಡ ಬೆನ್ನು ನೋವೇ ಎಂದು ಕೇಳಿತ್ತು.

ನಿಜ ಹೇಳಬೇಕೆಂದರೆ ನಾನೂ ಅದನ್ನೇ ಕೇಳಿಕೊಂಡೆ. ಕಾರಿನ ಹಿಂಭಾಗದ ಫೋಟೊಗಳಲ್ಲಿ ಒಂದು ಗೀರು, ಒಂದು ತಗ್ಗು, ಅಷ್ಟೇ. ಮೇಲಾಗಿ ಆ ಫೋಟೊಗಳನ್ನು ತೊಳೆದವರು ಯಾರು? ಅವರೇ. ದೊಡ್ಡ ಸೈಜು, ಹೊಳೆಯುವ ಕಾಗದ, ಎಂಟು ಪ್ರತಿ, ಮದುವೆ ಆಲ್ಬಮ್ಮಿನಂತೆ ಪ್ಲಾಸ್ಟಿಕ್ಕಿನಲ್ಲಿ ಹಾಕಿ ತಂದಿದ್ದರು.

"ಬಣ್ಣ ಸ್ವಲ್ಪ ಸರಿ ಮಾಡಿದ್ದೇನೆ ವಕೀಲರೇ, ಸಂಜೆ ತೆಗೆದದ್ದಲ್ಲವಾ, ನೀಲಿ ಹೊಡೀತಿತ್ತು," ಎಂದರು ಹೆಮ್ಮೆಯಿಂದ.

ಐತಾಳರು ನನ್ನನ್ನು ನೋಡಿದರು, ನಾನು ಐತಾಳರನ್ನು ನೋಡಿದೆ. ತನ್ನ ಕೇಸಿನ ಸಾಕ್ಷ್ಯಕ್ಕೆ ತಾನೇ ಬಣ್ಣ ಹಚ್ಚುವ ಮನುಷ್ಯ. ಪೆನ್ನು ಬಿತ್ತು. ಶೆಟ್ಟರು ಬಗ್ಗಲು ಹೊರಟರು, ಸುಮತಿ ಆಂಟಿ ಅವರ ಭುಜ ಒತ್ತಿ ಹಿಡಿದು ತಾವೇ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟರು. ಅವರು ಹೋದ ಮೇಲೆ ಐತಾಳರು, "ಇದು ಪಾಸೂ ಅಲ್ಲ ಫೇಲೂ ಅಲ್ಲ," ಎಂದರು. "ರಿಹರ್ಸಲ್ ಮಾಡ್ಕೊಂಡೇ ಬಂದಿದ್ದಾರೆ ಸಾರ್," ಎಂದೆ ನಾನು. ಇಪ್ಪತ್ತಮೂರು ವರ್ಷದವನಿಗೆ ಎಲ್ಲರ ಹಿಂದಿನ ಹುನ್ನಾರವೂ ಕಾಣುತ್ತದೆ, ತನ್ನದೊಂದು ಬಿಟ್ಟು.

ಆದರೂ ಐತಾಳರು ಕೇಸು ತೆಗೆದುಕೊಂಡರು. ಎಕ್ಸ್-ರೇ ಸುಳ್ಳು ಹೇಳುವುದಿಲ್ಲ ಎಂದರು. ಆಮೇಲೆ ಎರಡನೆಯ ಡಾಕ್ಟರಿಗೂ ಅದೇ ಎಕ್ಸ್-ರೇ ತೋರಿಸಿ ಕೇಳಿದರು, ಅದು ಬೇರೆ ವಿಷಯ.

ಓಟಿಗೆ ಮುಂಚಿನ ಭಾನುವಾರ ಸ್ಯಾನ್ ಡಿಯಾಗೋದ ಕನ್ನಡದವರ ಯುಗಾದಿ ಪಿಕ್‌ನಿಕ್ಕು, ಪೆನಾಸ್ಕಿಟೋಸ್‌ನ ಪಾರ್ಕಿನಲ್ಲಿ. ನಾನು ಅಲ್ಲಿಗೆ ನೂರು ಮೈಲಿಗೂ ಹೆಚ್ಚು ಡ್ರೈವ್ ಮಾಡಿಕೊಂಡು ಹೋದದ್ದು ಒಬ್ಬಟ್ಟಿಗಾಗಿ. ಸಮುದ್ರದ ಕಡೆಯಿಂದ ಬಂದ ಮೋಡ ಹನ್ನೊಂದು ಗಂಟೆಯವರೆಗೂ ಗುಡ್ಡಗಳ ಮೇಲೆ ಕೂತಿದ್ದು, ಆಮೇಲೆ ಒಮ್ಮೆಲೇ ಸರಿದು ಬಿಸಿಲು ಬಿತ್ತು. ಶೆಟ್ಟರು ಒಂದು ಮರದ ಕೆಳಗೆ, ಪಾತ್ರೆಗಳ ಮೇಜಿನ ಹಿಂದೆ, ಮಡಿಸುವ ಕುರ್ಚಿಯಲ್ಲಿ ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿಕೊಂಡು ಕೂತಿದ್ದರು. ಅವರು ಕೂತ ರೀತಿ ನೋಡಿ ಜನ ಪಕ್ಕದಲ್ಲಿ ಕೂರುವ ಬದಲು ದೂರದಲ್ಲಿ ನಿಂತು ಮಾತಾಡುತ್ತಿದ್ದರು.

"ನೋ-ಫಾಲ್ಟ್ ಬರ್ಬೇಕು ರೀ," ಎಂದ ಪ್ರಸನ್ನ. ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರು, ಪಿಕ್‌ನಿಕ್ಕಿನ ಮುಖ್ಯಸ್ಥ. "ಇಂಥೋರಿಂದಾನೇ ನಮ್ಮ ಪ್ರೀಮಿಯಂ ಜಾಸ್ತಿ ಆಗ್ತಿರೋದು. ಬಂಪರ್ ಮೇಲೆ ಗೀರು, ಸೊಂಟಕ್ಕೆ ಬೆಲ್ಟು." ಆಮೇಲೆ ನನ್ನ ಕಡೆ ತಿರುಗಿ, "ನೀನು ಆ ವಕೀಲ್ರ ಹತ್ರ ತಾನೇ ಇರೋದು? ಶೆಟ್ರದ್ದು ಒಂದು ಐಟಂ ಮಾಡೋ," ಎಂದ.

ನಾನು ಬೇಡವೆನ್ನಬೇಕಿತ್ತು. ಆಫೀಸಿನ ಮಾತನ್ನು ಆಫೀಸಿನಲ್ಲೇ ಬಿಡಬೇಕೆಂಬ ಮೊದಲ ಪಾಠ ನನಗೆ ಗೊತ್ತಿತ್ತು. ಆದರೆ ಎಂಬತ್ತು ಜನ ಪ್ರೇಕ್ಷಕರು ಒಟ್ಟಿಗೆ ಸಿಕ್ಕಿದ್ದು ನನ್ನ ಅಮೆರಿಕದ ಬದುಕಿನಲ್ಲಿ ಅದೇ ಮೊದಲು. ನೇರವಾಗಿ ಶೆಟ್ಟರ ಹತ್ತಿರವೇ ಹೋದೆ.

"ಅಂಕಲ್, ನಿಮ್ಮ ಜಾಕೆಟ್ಟು ಒಂದ್ಸಲ ಕೊಡ್ತೀರಾ? ನಿಮ್ಮದೇ ಆಡ್ತೀನಿ."

"ನನ್ನದಾ? ಆಡಿಸ್ಕೊಳ್ಳುವಂಥದ್ದು ನನ್ನಲ್ಲಿ ಎಂತ ಉಂಟು ಮಾರಾಯ?" ಎಂದು ನಕ್ಕು, ಕುರ್ಚಿಗೆ ನೇತುಹಾಕಿದ್ದ ಜಾಕೆಟ್ಟು ಕೊಟ್ಟರು. ಕಣ್ಣಿಗೆ ಹೊಡೆಯುವ ಹಳದಿ, ಬೆನ್ನ ಮೇಲೆ ಕೆಂಪಕ್ಷರದಲ್ಲಿ ಅಂಗಡಿಯ ಹೆಸರು. "ಟೊಪ್ಪಿಯೂ ತಗೋ. ಟೊಪ್ಪಿ ಇಲ್ಲದಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ಕಾಡಿಗೆಯಿಂದ ಮೀಸೆ ಬರೆದುಕೊಂಡೆ, ಯಾರದೋ ತಂಪು ಕನ್ನಡಕ ಏರಿಸಿದೆ, ಇನ್ಯಾರದೋ ದುಪಟ್ಟಾ ಮಡಿಸಿ ಸೊಂಟಕ್ಕೆ ಬೆಲ್ಟಿನಂತೆ ಕಟ್ಟಿದೆ. ಮೊದಲು ಶೆಟ್ಟರ ನಡಿಗೆ: ಪ್ರತಿ ಹೆಜ್ಜೆಗೂ ಮುಂಚೆ ಒಂದು ಸಣ್ಣ ತಡೆ, ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡಿ ಕಾಲಿಡುವವರಂತೆ. ಜನ ನಕ್ಕರು, ಶೆಟ್ಟರೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಹಗ್ಗಜಗ್ಗಾಟಕ್ಕೆ ಹಗ್ಗ ಹಾಸಿದರು. ನಾನು ಶೆಟ್ಟರ ದನಿಯಲ್ಲಿ, "ಚೆಕ್ ಬಂತಾ? ಬಂತಲ್ಲ. ಹಾಗಾದ್ರೆ ಬೆನ್ನು ಸರಿಯಾಯ್ತು ಮಾರಾಯ್ರೆ," ಎಂದು ಬೆಲ್ಟನ್ನು ಗಾಳಿಗೆಸೆದು ಹಗ್ಗಕ್ಕೆ ಹಾರಿದೆ. ಪ್ರಸನ್ನ ಹಗ್ಗದ ತುದಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಮ್ಮ ಕಡೆ ಗೆದ್ದಿತು. ನಾನು ಹುಲ್ಲಿನ ಮೇಲೆ ಒಂದು ಲಾಗ ಬೇರೆ ಹಾಕಿದೆ, ಯಾರೂ ಕೇಳದಿದ್ದರೂ. ಎದ್ದು ನೋಡಿದಾಗ ಶೆಟ್ಟರು ಪಾಯಸದ ಲೋಟದೊಳಗೆ ನೋಡುತ್ತಿದ್ದರು.

ಪಾರ್ಕಿನ ಅಂಚಿನಲ್ಲಿ ಬೆಳಿಗ್ಗೆಯಿಂದ ಒಂದು ಬಿಳಿ ವ್ಯಾನು ನಿಂತಿತ್ತು, ಕಪ್ಪು ಗಾಜಿನದು. ಊಟ ಬಡಿಸುವಾಗ ಸುಮತಿ ಆಂಟಿ ನನ್ನ ಕೈಗೆ ತಟ್ಟೆ ಕೊಟ್ಟು, "ಆ ವ್ಯಾನಿನಲ್ಲಿ ಒಬ್ಬ ಪಾಪ ಆಗಿಂದ ಒಬ್ಬನೇ ಕೂತಿದ್ದಾನೆ. ನಾವು ಹೀಗೆ ತಿನ್ನುವಾಗ ಎದುರಿಗೆ ಒಬ್ಬ ಹಸಿದು ಕೂರುವುದು ಚಂದ ಅಲ್ಲ. ಕೊಟ್ಟು ಬಾ," ಎಂದರು. ನಾನು ವೇಷ ಕಳಚದೆಯೇ ಹೋದೆ. ಗಾಜು ಇಳಿಯಿತು. ಶೆಟ್ಟರ ಇಂಗ್ಲಿಷಿನಲ್ಲೇ, "ಸಾರ್, ನಮ್ಮ ಹೊಸ ವರ್ಷ, ತಿನ್ನಿ," ಎಂದು ಪುಳಿಯೋಗರೆ, ಒಬ್ಬಟ್ಟು ಕೊಟ್ಟೆ. ಆ ಮನುಷ್ಯ ಒಂದು ಕ್ಷಣ ನನ್ನನ್ನೇ ನೋಡಿ, ಬಹಳ ವಿನಯದಿಂದ ತೆಗೆದುಕೊಂಡ. ನನಗೆ ಎಲ್ಲರ ಮೇಲೂ ಅನುಮಾನವಿದ್ದ ಕಾಲ ಅದು. ಅನುಮಾನಪಡಲೇಬೇಕಾದ ಒಬ್ಬನಿಗೆ ಮಾತ್ರ ಉಪ್ಪಿನಕಾಯಿ ಬೇಕಾ ಎಂದು ಕೇಳಿದೆ.

ನೋ-ಫಾಲ್ಟು ಓಟಿನಲ್ಲಿ ಬಿದ್ದುಹೋಯಿತು. ಐತಾಳರು ಸಂಭ್ರಮಪಡಲಿಲ್ಲ, "ಈ ಸಲ ತಪ್ಪಿತು," ಎಂದರಷ್ಟೆ. ಮೇ ತಿಂಗಳ ಒಂದು ಶುಕ್ರವಾರ ಲಾರಿ ಕಂಪನಿಯ ವಕೀಲರಿಂದ ಒಂದು ಕ್ಯಾಸೆಟ್ಟು ಬಂತು, ಜೊತೆಗೆ ಒಂದು ಕಾಗದ. ಕೇಸು ಹಿಂತೆಗೆದುಕೊಳ್ಳಿ, ಇಲ್ಲವಾದರೆ ಮೋಸದ ಕ್ಲೇಮೆಂದು ಸರಕಾರಕ್ಕೆ ದೂರು ಕೊಡುತ್ತೇವೆ. ದೂರು ಎಂದರೆ ಕ್ರಿಮಿನಲ್ಲು. ಶೆಟ್ಟರಿಗೆ ಆಪರೇಷನ್ನೂ ಇಲ್ಲ, ಹೆಸರೂ ಇಲ್ಲ, ಬಹುಶಃ ಜೈಲು.

ಐತಾಳರು ಕ್ಯಾಸೆಟ್ಟು ಹಾಕಿದರು. ದೂರದಿಂದ ತೆಗೆದ, ನಡುಗುವ ಚಿತ್ರ. ಹಳದಿ ಜಾಕೆಟ್ಟು, ಬೆನ್ನ ಮೇಲೆ ಕೆಂಪಕ್ಷರ, ಟೊಪ್ಪಿ, ಮೀಸೆ. ಬೆಲ್ಟು ಗಾಳಿಗೆ ಹಾರಿತು. ಹಗ್ಗ, ಲಾಗ. ನನಗೆ ಎರಡು ಸೆಕೆಂಡು ಸಾಕಾಗಿತ್ತು. ಜೊತೆಗಿದ್ದ ಪತ್ತೇದಾರನ ವರದಿಯನ್ನು ಐತಾಳರು ಗಟ್ಟಿಯಾಗಿ ಓದಿದರು: "ಆತ ಯಾವ ಆಧಾರವೂ ಇಲ್ಲದೆ ನಡೆದು ವಾಹನದ ಬಳಿ ಬಂದು ಆಹಾರ ನೀಡಿದನು. ಲವಲವಿಕೆಯಿಂದಿದ್ದನು. ಆಹಾರ ಬಹಳ ಖಾರವಾಗಿತ್ತು."

"ಶೆಟ್ರೂ ಹೀಗೆ," ಎಂದರು ಐತಾಳರು, ಟಿವಿಯತ್ತ ನೋಡುತ್ತಲೇ. "ನಾನು ಇವರನ್ನು ನಂಬಿದ್ದೆ ಮಾರಾಯ. ಅಪರೂಪಕ್ಕೆ ಒಬ್ಬರನ್ನು."

ನಾನು ಬಾಯಿ ಬಿಡಲಿಲ್ಲ. ಶನಿವಾರ ಬಿಡಲಿಲ್ಲ, ಭಾನುವಾರ ಬಿಡಲಿಲ್ಲ. ಆ ಎರಡು ದಿನ ತಪ್ಪು ಯಾರದೆಂದು ಯಾರೂ ಕೇಳದ ಆ ಪದ್ಧತಿ ನನಗೆ ಬಹಳ ಮಾನವೀಯವಾಗಿ ಕಂಡಿತು. ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಕನ್ನಡಿಯೆದುರು ನಿಂತು ಏನು ಹೇಳಬೇಕೆಂದು ಅಭ್ಯಾಸ ಮಾಡಿದರೆ, ಒಮ್ಮೆ ಐತಾಳರ ದನಿ ಬರುತ್ತಿತ್ತು, ಒಮ್ಮೆ ಪ್ರಸನ್ನನದು. ನನ್ನದೇ ದನಿ ಯಾವುದೆಂದು ಹುಡುಕಬೇಕಾಯಿತು.

ಸೋಮವಾರ ಶೆಟ್ಟರು ಮತ್ತು ಆಂಟಿ ಬಂದರು. ಐತಾಳರು ನೇರವಾಗಿ ಕ್ಯಾಸೆಟ್ಟು ಹಾಕಿದರು. ಶೆಟ್ಟರು ಕೊನೆಯವರೆಗೂ ನೋಡಿದರು, ಲಾಗದವರೆಗೂ. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಂಟಿ ಏನೋ ಹೇಳಲು ಹೊರಟಾಗ ಕೈಯೆತ್ತಿ ತಡೆದರು.

"ಇದು ನಾನಲ್ಲ ವಕೀಲರೇ."

"ಜಾಕೆಟ್ಟು ನಿಮ್ಮದು."

"ಜಾಕೆಟ್ಟು ನನ್ನದೇ."

"ಹಾಗಾದ್ರೆ ಅದರೊಳಗೆ ಇದ್ದದ್ದು ಯಾರು?"

ಶೆಟ್ಟರು ಮತ್ತೆ ನನ್ನತ್ತ ನೋಡಿದರು. ಐತಾಳರು ಫೈಲು ಮುಚ್ಚಿ ಪಕ್ಕಕ್ಕೆ ಸರಿಸಿದರು. "ಬೇರೆ ವಕೀಲರನ್ನು ನೋಡಿ," ಎಂದರು. ಆಗ ನಾನು ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ, ಹೆದರಿಕೆಗೆ ಶೆಟ್ಟರ ದನಿಯೇ ಬಂದುಬಿಟ್ಟಿತು. "ಅದು ಇವನು ಮಾರಾಯ್ರೆ. ನಿಮ್ಮ ಸತೀಶ."

ಕೋಣೆಯಲ್ಲಿ ಇಬ್ಬರು ಶೆಟ್ಟರಿದ್ದಂತಾಯಿತು. ಐತಾಳರು ನನ್ನನ್ನು, ಟಿವಿಯನ್ನು, ಮತ್ತೆ ನನ್ನನ್ನು ನೋಡಿದರು. ಉಳಿದದ್ದನ್ನು ನನ್ನ ದನಿಯಲ್ಲೇ ಹೇಳಿದೆ. ಅದಕ್ಕೆ ಹತ್ತು ನಿಮಿಷ ಬೇಕಾಯಿತು.

"ನೀನು ಹೇಳುದು ನಿಜ ಅಂತ ನಾನು ಯಾಕೆ ನಂಬಬೇಕು?" ಎಂದರು ಐತಾಳರು. "ಇವರು ನಿಂಗೆ ಎಂತಾದ್ರೂ ಕೊಡ್ತೇನೆ ಅಂದಿದ್ದಾರಾ?"

"ಜಾಕೆಟ್ಟು ಕೊಟ್ಟಿದ್ದೆ," ಎಂದರು ಶೆಟ್ಟರು. "ಬೇರೆ ಎಂತದೂ ಕೊಟ್ಟಿಲ್ಲ."

"ಮತ್ತೆ ನೀವು ಯಾಕೆ ಇವನ ಹೆಸರು ಹೇಳಲಿಲ್ಲ?"

"ಅವನೇ ಹೇಳ್ತಾನಾ ಅಂತ ನೋಡಿದೆ ವಕೀಲರೇ. ನೀವು ಪೆನ್ನು ಬೀಳಿಸಿ ನೋಡ್ತೀರಲ್ಲ, ಹಾಗೆ."

ಐತಾಳರ ಮುಖ ಆಂಟಿಯ ಸೀರೆಯಷ್ಟು ಕೆಂಪಾಯಿತು. ಆ ಪರೀಕ್ಷೆ ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದರು.

ಈಗ ಸಾಕ್ಷಿಗಳು ಬೇಕಾದವು. ಎಂಬತ್ತು ಜನ ನೋಡಿದ್ದರಲ್ಲ. ನಾನು ಒಬ್ಬೊಬ್ಬರಿಗೂ ಫೋನು ಮಾಡಿದೆ. ಪ್ರಸನ್ನ ಪಿಸುದನಿಯಲ್ಲಿ ಮಾತಾಡಿದ, ಅವನ ಫೋನನ್ನೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ.

"ನನ್ನ ಗ್ರೀನ್ ಕಾರ್ಡ್ ಇನ್ನೂ ಪ್ರೋಸೆಸ್‌ನಲ್ಲಿದೆ ಕಣೋ. ಕೋರ್ಟು ಗೀರ್ಟು ಅಂದ್ರೆ ನನ್ನ ಬಿಟ್ಬಿಡು."

"ಹಗ್ಗದ ತುದಿ ಹಿಡಿದಿದ್ದೋನು ನೀನೇ ಅಲ್ವೇನೋ?"

"ಹಗ್ಗ ಹಿಡಿದಿದ್ದೆ. ಮುಂದೆ ಇದ್ದೋನ ಬೆನ್ನು ಕಾಣ್ತಿತ್ತು, ಮುಖ ನೋಡಿಲ್ಲ."

ಇನ್ನೊಬ್ಬರು ಆ ದಿನ ತಾವು ಊರಲ್ಲೇ ಇರಲಿಲ್ಲ ಎಂದರು, ನನಗೆ ಎರಡನೆಯ ಒಬ್ಬಟ್ಟು ಬಡಿಸಿದವರು. ಮತ್ತೊಬ್ಬರ ಮನೆಯಲ್ಲಿ ಆಗಲೇ ಸುದ್ದಿ ಬೇರೆಯಾಗಿತ್ತು. "ಶೆಟ್ರು ಸಿಕ್ಕಿಬಿದ್ರಂತಲ್ಲ? ವಿಡಿಯೋ ಇದೆಯಂತೆ," ಎಂದು ನನ್ನನ್ನೇ ಕೇಳಿದರು. ಅಂಗಡಿಗೆ ನಮ್ಮವರು ಫೋಟೊ ತೊಳೆಸಲು ಬರುವುದು ನಿಂತಿತು. ಆಂಟಿ ಒಬ್ಬರೇ ಬೆಳಿಗ್ಗೆಯಿಂದ ಸಂಜೆವರೆಗೂ ಯಂತ್ರದ ಮುಂದೆ ನಿಲ್ಲುತ್ತಿದ್ದರು. ನಾನು ಆಡಿದ ಒಂದು ಐಟಮ್ಮು ಆ ಊರಿನಲ್ಲಿ ನಿಜವಾಗಿ ಕೂತಿತ್ತು.

ಜುಲೈಯಲ್ಲಿ ಸ್ಯಾನ್ ಡಿಯಾಗೋ ಪೇಟೆಯಲ್ಲಿ, ಎದುರು ಪಕ್ಷದ ವಕೀಲೆಯ ಆಫೀಸಿನಲ್ಲಿ ಪ್ರಮಾಣ ಮಾಡಿಸಿ ಹೇಳಿಕೆ ತೆಗೆದುಕೊಳ್ಳುವುದೆಂದಾಯಿತು. ಮೊದಲು ನಾನು, ಆಮೇಲೆ ಆಂಟಿ. ಐತಾಳರು ಇಡೀ ದಾರಿ ಕಾರು ಓಡಿಸುತ್ತ ಒಂದೇ ಮಾತು ಹೇಳಿದರು: "ಕೇಳಿದ್ದಕ್ಕೆ ಮಾತ್ರ ಉತ್ತರ. ನಾಟಕ ಬೇಡ." ತಮ್ಮ ಗುಮಾಸ್ತನೇ ತಮ್ಮ ಕಕ್ಷಿದಾರನ ವೇಷ ಹಾಕಿದ್ದನೆಂದು ಹೇಳಿಸಲು ಹೊರಟಿದ್ದರು. ಇದನ್ನು ಯಾರೂ ನಂಬದಿದ್ದರೆ, ಸುಳ್ಳುಸಾಕ್ಷಿ ಕಟ್ಟಿದರೆಂದು ಅವರ ಲೈಸೆನ್ಸೇ ಹೋಗುವುದಿತ್ತು. ಆ ವಯಸ್ಸಿನಲ್ಲಿ ಮೂರನೆಯ ವೃತ್ತಿ ಹುಡುಕುವ ಮುಖ ಅವರಿಗಿರಲಿಲ್ಲ.

ಗಾಜಿನ ಗೋಡೆಯಾಚೆ ಕಡಲಿನ ಬಂದರು ಕಾಣುತ್ತಿತ್ತು, ಅದರಲ್ಲಿ ಬೂದು ಬಣ್ಣದ ಯುದ್ಧನೌಕೆಗಳು. ಉದ್ದದ ಮೇಜಿನ ತುದಿಯಲ್ಲಿ ಎಲ್ಲವನ್ನೂ ಟೈಪು ಮಾಡುವ ಹೆಂಗಸು. ವಕೀಲೆ ಎತ್ತರದವಳು, ಪ್ರತಿ ಪ್ರಶ್ನೆಗೂ ಮುಂಚೆ ಗಂಟಲು ಸರಿಮಾಡಿಕೊಂಡು ತಲೆಯನ್ನು ಸ್ವಲ್ಪ ಎಡಕ್ಕೆ ಓಲಿಸುತ್ತಿದ್ದಳು.

"ನಿಮಗೆ ಸಂಬಳ ಕೊಡುವವರು ಐತಾಳರು?"

"ಹೌದು."

"ಅವರ ಕೇಸು ಉಳಿಯಬೇಕಾದರೆ ಆ ಮನುಷ್ಯ ನೀವಾಗಿರಬೇಕು?"

"ಆಗಿರಬೇಕು ಅಂತಲ್ಲ. ಆಗಿದ್ದೇನೆ."

"ಸರಿ, ತೋರಿಸಿ."

ಎದ್ದು ಶೆಟ್ಟರ ನಡಿಗೆ ನಡೆದೆ. ಟೈಪು ಮಾಡುವ ಹೆಂಗಸು ಬೆರಳು ನಿಲ್ಲಿಸಿ, ನಡಿಗೆಯನ್ನು ಟೈಪು ಮಾಡಲು ತನಗೆ ಬರುವುದಿಲ್ಲ ಎಂದಳು. ಶೆಟ್ಟರ ದನಿ ತೋರಿಸಿದೆ. ವಕೀಲೆಯ ಮುಖ ಸಡಿಲಾಯಿತು, ನಗು ಬಂದಂತಿತ್ತು. ನನ್ನ ದುರ್ಬುದ್ಧಿಗೆ ಅಷ್ಟು ಸಾಕು. ಗಂಟಲು ಸರಿಮಾಡಿಕೊಂಡು, ತಲೆ ಎಡಕ್ಕೆ ಓಲಿಸಿ, "ಸರಿ, ತೋರಿಸಿ," ಎಂದೆ, ಅವಳದೇ ದನಿಯಲ್ಲಿ. ಮೇಜಿನ ಕೆಳಗೆ ಐತಾಳರ ಬೂಟು ನನ್ನ ಮೊಣಕಾಲಿಗೆ ಬಂತು. ಆ ಗಾಯ ಮಾತ್ರ ನೂರಕ್ಕೆ ನೂರು ನಿಜ.

ವಕೀಲೆ ನಗಲಿಲ್ಲ. "ನೀವು ಯಾರು ಬೇಕಾದರೂ ಆಗಬಲ್ಲಿರಿ," ಎಂದಳು. "ಹಾಗಾದರೆ ಈಗ ಪ್ರಮಾಣ ಮಾಡಿ ಮಾತಾಡುತ್ತಿರುವವರು ಯಾರೆಂದು ನಾನು ತಿಳಿಯಲಿ? ಈ ವಿಡಿಯೋ ನೋಡಿದ ಮೇಲೆ ಇದೇ ನಡಿಗೆಯನ್ನು ಎಷ್ಟು ದಿನ ಅಭ್ಯಾಸ ಮಾಡಿದಿರಿ?"

ಇಂಥದನ್ನು ನಾನೇ ಐತಾಳರ ಕಿಟಕಿಯ ಬಳಿ ನಿಂತು ನೂರು ಸಲ ಹೇಳಿದ್ದೆ, ರಿಹರ್ಸಲ್ ಮಾಡಿಕೊಂಡು ಬಂದಿದ್ದಾರೆ ಎಂದು. ನಿಜವನ್ನೇ ಹೇಳುತ್ತ ಕೂತವನಿಗೆ ಆ ಮಾತು ಎಲ್ಲಿ ಚುಚ್ಚುತ್ತದೆಂದು ಆವತ್ತು ಗೊತ್ತಾಯಿತು. ಎದುರಿನ ಕುರ್ಚಿಯಲ್ಲಿ ಶೆಟ್ಟರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ಮುಗಿಯಿತು ಎಂದುಕೊಂಡೆ.

ಆಂಟಿಯ ಸರದಿ. ಅವರು ಇಂಗ್ಲಿಷಿನಲ್ಲಿ ಅಂಗಡಿ ನಡೆಸುತ್ತಿದ್ದರೂ ಪ್ರಮಾಣ ಮಾಡಿ ಹೇಳುವುದನ್ನು ಕನ್ನಡದಲ್ಲೇ ಹೇಳುತ್ತೇನೆಂದಿದ್ದರು. ಅದಕ್ಕೆ ಎದುರು ಪಕ್ಷದವರೇ ಒಬ್ಬ ದುಭಾಷಿಯನ್ನು ಕರೆಸಿದ್ದರು, ಮೈಸೂರಿನ ಕಡೆಯ ಹಿರಿಯ ಹೆಂಗಸು. ವಕೀಲೆ ಮತ್ತೆ ವಿಡಿಯೋ ಹಾಕಿ, ಹಗ್ಗ ಎಳೆಯುವಲ್ಲಿ ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು ಕೇಳಿದಳು: "ಪ್ರಮಾಣ ಮಾಡಿದ್ದೀರಿ, ನೆನಪಿರಲಿ. ಈತ ನಿಮ್ಮ ಗಂಡನಲ್ಲವೇ?"

ಆಂಟಿ ಪರದೆಯನ್ನು ನೋಡಲೇ ಇಲ್ಲ. ಅವರೇನು ಹೇಳಲು ಹೊರಟಿದ್ದಾರೆಂದು ಶೆಟ್ಟರಿಗೆ ಗೊತ್ತಾಗಿರಬೇಕು. ತುಳುವಿನಲ್ಲಿ ಏನೋ ಹೇಳಿ ತಡೆಯಲು ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಆ ಗಂಡಸು ನಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಂಟಿ ಹೇಳಿದ ಮಾತನ್ನು ದುಭಾಷಿ ತಕ್ಷಣ ಇಂಗ್ಲಿಷಿಗೆ ಹೇಳಲಿಲ್ಲ. ಒಮ್ಮೆ ನೀರು ಕುಡಿದು, ಆಮೇಲೆ ಹೇಳಿದರು. ವಕೀಲೆ ಟಿವಿ ಆರಿಸಿದಳು, ಬೇರೆ ಪ್ರಶ್ನೆಗಳಿಲ್ಲ ಎಂದಳು. ಈ ಹೆಂಗಸನ್ನು ಹನ್ನೆರಡು ಜನ ಜ್ಯೂರಿ ಮುಂದೆ ಕೂರಿಸಿದರೆ ಏನಾಗುತ್ತದೆಂದು ಅವಳ ವೃತ್ತಿಗೆ ಗೊತ್ತಿತ್ತು. ಮುಂದಿನ ವಾರ ದೂರಿನ ಬೆದರಿಕೆ ವಾಪಸಾಯಿತು, ರಾಜಿಯ ಕಾಗದ ಬಂತು. ಚಳಿಗಾಲಕ್ಕೆ ಮುಂಚೆ ಶೆಟ್ಟರ ಆಪರೇಷನ್ ಆಯಿತು. ಐತಾಳರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸಂಜೆಯ ಲಾ ಕಾಲೇಜಿನ ಅರ್ಜಿಯನ್ನು ನನ್ನ ಮೇಜಿನ ಮೇಲೆ ಎಸೆದು, "ಇನ್ನು ಮೇಲೆ ತಪ್ಪು ಮಾಡುದಾದ್ರೆ ಓದಿ ಮಾಡು," ಎಂದರು. ಈಗ ಅಲ್ಲೇ ಓದುತ್ತಿದ್ದೇನೆ. ಸಾಕ್ಷಿಯನ್ನು ಹೇಗೆ ಪ್ರಶ್ನಿಸಬೇಕೆಂದು ಎರಡು ದಪ್ಪ ಪುಸ್ತಕ ಮುಗಿಸಿದ್ದೇನೆ, ಈತ ನಿಮ್ಮ ಗಂಡನಲ್ಲವೇ ಎಂಬ ಪ್ರಶ್ನೆಗೆ ಆವತ್ತು ಸುಮತಿ ಆಂಟಿ ಕೊಟ್ಟಂಥ ಉತ್ತರ ಅವುಗಳಲ್ಲಿ ಇನ್ನೂ ಸಿಕ್ಕಿಲ್ಲ. ಅವರು ವಕೀಲೆಯ ಮುಖವನ್ನೇ ನೋಡುತ್ತ, ದನಿ ಏರಿಸದೆ ಕೇಳಿದ್ದು ಇಷ್ಟು:

"ಅದು ನಮ್ಮವರಾದ್ರೆ, ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ನಾನು ನೆಲದಲ್ಲಿ ಕೂತು ಕಾಲುಚೀಲ ಹಾಕ್ತಾ ಇರುವುದು ಯಾರ ಕಾಲಿಗಮ್ಮ?"